ಬದಲಿ ಚಾಲಕನ ಹೆಸರು ಯಾವ ಪಟ್ಟಿಯಲ್ಲಿದೆ?

ಭಾನುವಾರದ ಬಲಿಪೂಜೆಯ ವೇಳೆ ದೇವಾಲಯದ ಹಿಂಬಾಗಿಲ ಬಳಿಯೇ ನಿಲ್ಲುವ ಯುವಕರ ವಿಷಯದಲ್ಲಿ ನಮ್ಮ ಹಿರಿಯರಿಗೆ ಒಳ್ಳೆಯ ಅಭಿಪ್ರಾಯವಿಲ್ಲ. ಒಳಗೆ ಜಾಗವಿದ್ದರೂ ಹೊರಗೆ ನಿಲ್ಲುತ್ತಾರೆ, ಪ್ರಬೋಧನೆ ಮುಗಿಯುವ ಮೊದಲೇ ಬೈಕಿನ ಸದ್ದು ಕೇಳಿಸುತ್ತದೆ ಎಂಬ ದೂರು ಹೊಸದಲ್ಲ. ಆ ದೂರನ್ನು ನಾವೂ ಹಲವು ಬಾರಿ ಆಡಿದ್ದೇವೆ. 2025ರ ಜುಲೈ ತಿಂಗಳ ಒಂದು ಭಾನುವಾರ ಸಕಲೇಶಪುರದಲ್ಲಿ ಹಾಗೆ ಅರ್ಧದಲ್ಲೇ ಹೊರಟುಹೋದ ಒಬ್ಬ ಯುವಕನನ್ನು ಕಂಡಾಗಲೂ ನಮ್ಮ ಮನಸ್ಸಿನಲ್ಲಿ ಮೂಡಿದ್ದು ಅದೇ ಅಸಮಾಧಾನ. ಅವನು ಎಲ್ಲಿಗೆ ಹೋದನೆಂಬುದು ನಮಗೆ ತಿಳಿದದ್ದು ನಾಲ್ಕು ದಿನಗಳ ತರುವಾಯ, ಹಾಸನದ ಆಸ್ಪತ್ರೆಯೊಂದರಲ್ಲಿ, ಅವನ ತಾಯಿಯ ಬಾಯಿಂದ.

ಆ ಯುವಕ ವೃತ್ತಿಯಲ್ಲಿ ಚಾಲಕ. ಆದರೆ ಅವನದೆಂದು ಹೇಳಿಕೊಳ್ಳಲು ಒಂದು ಗಾಡಿಯಿಲ್ಲ, ಗೊತ್ತಾದ ಒಂದು ದಾರಿಯೂ ಇಲ್ಲ. ನಮ್ಮ ಕಡೆಯ ಆಡುಮಾತಿನಲ್ಲಿ ಇಂಥವರನ್ನು ‘ಆಕ್ಟಿಂಗ್ ಡ್ರೈವರ್’ ಎನ್ನುತ್ತಾರೆ. ಕಾಯಂ ಚಾಲಕ ಬಾರದ ದಿನ ಅವನ ಜಾಗದಲ್ಲಿ ಕೂರುವ ಬದಲಿ ಚಾಲಕ. ಮದುವೆ ದಿಬ್ಬಣದ ಗಾಡಿ, ಎಸ್ಟೇಟಿನ ಜೀಪು, ಆಸ್ಪತ್ರೆಗೆ ಹೋಗುವವರ ಕಾರು, ಹೀಗೆ ಯಾರು ಕರೆದರೂ ಹೋಗುವುದು ಹಿಂದಿನಿಂದಲೂ ಇದ್ದ ಪದ್ಧತಿ. ಕೆಲವು ವರ್ಷಗಳಿಂದ ಇಂಥ ಯುವಕರಿಗೆ ಹೆಚ್ಚು ಕರೆ ಬರುತ್ತಿರುವುದು ಮನೆಬಾಗಿಲಿಗೆ ಪಾರ್ಸೆಲ್ ತಲುಪಿಸುವ ಕಂಪನಿಗಳ ಗಾಡಿಗಳಿಂದ. ಆ ಭಾನುವಾರ ಬಂದದ್ದೂ ಅಂಥದೇ ಕರೆ. ಸಕಲೇಶಪುರದ ಪುಟ್ಟ ಗೋದಾಮಿನ ಮುಂದೆ ಗಾಡಿ ಸರಕು ತುಂಬಿಕೊಂಡು ನಿಂತಿತ್ತು, ಅದರ ಚಾಲಕ ಜ್ವರದಿಂದ ಮಲಗಿದ್ದ. “ತಮ್ಮಾ, ಹಾನುಬಾಳು ಲೈನಿನ ಗಾಡಿ ನಿಂತೋಗಿದೆ, ಬತ್ತೀಯೇನಪ್ಪಾ?” ಎಂದು ಗುತ್ತಿಗೆದಾರ ಕೇಳಿದ. ಇಲ್ಲವೆಂದರೆ ಮುಂದಿನ ಸಲ ಕರೆ ಬೇರೊಬ್ಬನಿಗೆ ಹೋಗುತ್ತದೆ. ಹೀಗಾಗಿ ಯುವಕ ಇಲ್ಲವೆನ್ನಲಿಲ್ಲ.

ಈ ವ್ಯವಹಾರ ನಡೆಯುವ ಬಗೆಯನ್ನು ನಮ್ಮ ಓದುಗರಲ್ಲಿ ಹಲವರು ಬಲ್ಲರು. ಆದರೂ ಒಮ್ಮೆ ಬಿಡಿಸಿ ಹೇಳುವುದು ಅಗತ್ಯ. 2007ರಲ್ಲಿ ಬೆಂಗಳೂರಿನಲ್ಲಿ ಪುಸ್ತಕ ಮಾರಾಟದೊಂದಿಗೆ ಆರಂಭವಾದ ಫ್ಲಿಪ್‌ಕಾರ್ಟ್ 2010ರಲ್ಲಿ ವಸ್ತು ಕೈಸೇರಿದ ಮೇಲೆ ಹಣ ಕೊಡುವ ಪದ್ಧತಿಯನ್ನು ತಂದಿತು. 2013ರಲ್ಲಿ ಅಮೆಜಾನ್ ನಮ್ಮ ದೇಶದಲ್ಲಿ ವ್ಯಾಪಾರ ತೆರೆಯಿತು. ಅಲ್ಲಿಂದಾಚೆಗೆ ಪೇಟೆಯಲ್ಲಿ ಸಿಗುವುದೆಲ್ಲ ಮಲೆನಾಡಿನ ಒಂಟಿಮನೆಯ ಅಂಗಳಕ್ಕೂ ಬರತೊಡಗಿತು. ಬೆಂಗಳೂರಿನ ಸುತ್ತಣ ದೊಡ್ಡ ಗೋದಾಮುಗಳಿಂದ ರಾತ್ರಿ ಹೊರಟ ಲಾರಿ ಬೆಳಗಿನ ಜಾವ ಹಾಸನ ತಲುಪುತ್ತದೆ. ಅಲ್ಲಿ ಸರಕು ದಾರಿವಾರು ವಿಂಗಡಣೆಯಾಗಿ ಆಲೂರು, ಪಾಳ್ಯ, ಬಾಳ್ಳುಪೇಟೆ, ಸಕಲೇಶಪುರದ ಕಡೆಗೆ ಸಣ್ಣ ಗಾಡಿಗಳಲ್ಲಿ ಹೊರಡುತ್ತದೆ. ಈ ಗಾಡಿಗಳಲ್ಲಿ ಹೆಚ್ಚಿನವು 2005ರಲ್ಲಿ ಮಾರುಕಟ್ಟೆಗೆ ಬಂದ ಟಾಟಾ ಏಸ್ ಜಾತಿಯವು. ಜನ ಅದಕ್ಕೆ ‘ಚೋಟಾ ಹಾಥಿ’ ಎಂದು ಹೆಸರಿಟ್ಟಿದ್ದಾರೆ. ದೊಡ್ಡ ಆನೆಗಳೇ ಓಡಾಡುವ ನಮ್ಮ ಸೀಮೆಯಲ್ಲಿ ಈ ಪುಟ್ಟ ಆನೆಯನ್ನು ಓಡಿಸುವವನ ಪಾಡು ಹೆಸರಿನಷ್ಟು ತಮಾಷೆಯದಲ್ಲ.

ಗಾಡಿ ಸಾಮಾನ್ಯವಾಗಿ ಕಂಪನಿಯದಲ್ಲ. ಕಂಪನಿ ಗುತ್ತಿಗೆದಾರನಿಗೆ ದಾರಿಯನ್ನು ವಹಿಸುತ್ತದೆ. ಗುತ್ತಿಗೆದಾರ ಸಾಲ ಮಾಡಿ ಗಾಡಿ ಕೊಳ್ಳುತ್ತಾನೆ, ಇಲ್ಲವೇ ಗಾಡಿ ಇರುವವನೊಬ್ಬನನ್ನು ಸೇರಿಸಿಕೊಳ್ಳುತ್ತಾನೆ. ಚಾಲಕನಿಗೆ ಮೊಬೈಲಿನಲ್ಲಿ ಒಂದು ಆ್ಯಪ್, ಅದಕ್ಕೊಂದು ಗುರುತಿನ ಸಂಖ್ಯೆ. ಯಾವ ಪೊಟ್ಟಣ ಯಾರಿಗೆ ತಲುಪಿತು, ಎಷ್ಟು ಹಣ ವಸೂಲಾಯಿತು, ಎಷ್ಟು ಹೊತ್ತು ಹಿಡಿಯಿತು ಎಂಬುದೆಲ್ಲ ಆ ಸಂಖ್ಯೆಯ ಲೆಕ್ಕಕ್ಕೆ ಸೇರುತ್ತದೆ. ಹೀಗೆ ಕಾಯಂ ಚಾಲಕನೆನಿಸಿಕೊಂಡವನಿಗೂ ನಿಜವಾದ ಅರ್ಥದಲ್ಲಿ ರಜೆಯೆಂಬುದಿಲ್ಲ. ಅವನಿಗೆ ಜ್ವರ ಬರಬಹುದು, ತಂಗಿಯ ನಿಶ್ಚಿತಾರ್ಥವಿರಬಹುದು, ಊರಹಬ್ಬವಿರಬಹುದು. ಗಾಡಿ ಮಾತ್ರ ನಿಲ್ಲುವಂತಿಲ್ಲ. ಪದೇ ಪದೇ ನಿಂತರೆ ದಾರಿ ಕೈತಪ್ಪಿಹೋಗುತ್ತದೆಂಬ ಭಯ ಗುತ್ತಿಗೆದಾರನಿಗೂ ಉಂಟು. ಆದ್ದರಿಂದ ಕಾಯಂ ಚಾಲಕ ತನ್ನ ಮೊಬೈಲನ್ನೋ ತನ್ನ ಸಂಖ್ಯೆಯನ್ನೋ ಬದಲಿಯವನ ಕೈಗೆ ಕೊಟ್ಟು ಮಲಗುತ್ತಾನೆ. ಆ ದಿನ ಬೆವರು ಸುರಿಸುವವನು ಒಬ್ಬ, ಲೆಕ್ಕದಲ್ಲಿ ದುಡಿಯುವವನು ಇನ್ನೊಬ್ಬ. ಸಂಜೆ ಬದಲಿಯವನ ಕೈಗೆ ದಿನಗೂಲಿ ಬೀಳುತ್ತದೆ. ಅದಕ್ಕೆ ಚೀಟಿಯಿಲ್ಲ, ರುಜುವಿಲ್ಲ.

ಬಯಲುಸೀಮೆಯ ಪಟ್ಟಣದಲ್ಲಿ ಬದಲಿಯವನ ಕೆಲಸ ಹೇಗೋ ನಡೆದುಹೋದೀತು. ಮನೆ ಸಂಖ್ಯೆ, ಅಡ್ಡರಸ್ತೆ, ಬ್ಯಾಂಕಿನ ಎದುರು ಎಂದರೆ ಸಾಕು. ನಮ್ಮಲ್ಲಿ ವಿಳಾಸವೆಂದರೆ ಒಂದು ಕಥೆಯೇ ಸರಿ. ‘ಇಂಥ ಎಸ್ಟೇಟ್, ಹೆತ್ತೂರು ಅಂಚೆ’ ಎಂದಷ್ಟೇ ಬರೆದಿರುತ್ತದೆ. ಎಸ್ಟೇಟಿಗೆ ಮೂರು ಗೇಟುಗಳಿರುತ್ತವೆ. ಒಂದು ಸಾಹುಕಾರರ ಬಂಗಲೆಗೆ, ಒಂದು ಕಣಕ್ಕೆ, ಇನ್ನೊಂದು ಲೈನ್ ಮನೆಗಳಿಗೆ. ಮಳೆಗಾಲದಲ್ಲಿ ಯಾವ ಗೇಟಿನ ದಾರಿಯಲ್ಲಿ ಗಾಡಿ ಹೂತುಕೊಳ್ಳುತ್ತದೆ, ಯಾವ ಮನೆಯವರು ಮಧ್ಯಾಹ್ನ ಇರುವುದಿಲ್ಲ, ಪೊಟ್ಟಣವನ್ನು ರೈಟರ ಕೈಗೆ ಕೊಡಬಹುದೇ ಅಥವಾ ಬಾಯಮ್ಮನವರೇ ಬರಬೇಕೇ, ಯಾವ ತಿರುವಿನಾಚೆ ಮೊಬೈಲಿಗೆ ಸಿಗ್ನಲ್ ಸಿಗುವುದಿಲ್ಲ, ಇವೆಲ್ಲ ಕಾಯಂ ಚಾಲಕನ ತಲೆಯಲ್ಲಿವೆ. ಅವನು ಇವನ್ನು ವರ್ಷಗಟ್ಟಲೆ ಅಲೆದು ಕಲಿತಿದ್ದಾನೆ. ಆ್ಯಪಿನ ನಕ್ಷೆಯಲ್ಲಿ ಇದಾವುದೂ ಇಲ್ಲ. ಕಾಫಿ ತೋಟದ ಒಳರಸ್ತೆಯನ್ನು ನಕ್ಷೆ ಕೆಲವೊಮ್ಮೆ ರಾಜಮಾರ್ಗವೆಂಬಂತೆ ತೋರಿಸಿಬಿಡುತ್ತದೆ. ವಸ್ತು ಕೊಟ್ಟಿದ್ದಕ್ಕೆ ಗುರುತಾಗಿ ಗ್ರಾಹಕನ ಮೊಬೈಲಿಗೆ ಬರುವ ಅಂಕಿಗಳನ್ನು ಕೇಳಿ ತುಂಬಬೇಕು. ಸಿಗ್ನಲ್ ಇಲ್ಲದ ಕಡೆ ಅಂಕಿ ಬರುವುದೂ ಇಲ್ಲ, ತುಂಬುವುದೂ ಸಾಧ್ಯವಿಲ್ಲ. ಆಗ ಚಾಲಕ ಗುಡ್ಡ ಹತ್ತಿ ಇಳಿಯಬೇಕು. ಕಾಯಂ ಚಾಲಕ ಮಧ್ಯಾಹ್ನ ಮೂರಕ್ಕೆ ಮುಗಿಸುವ ದಾರಿಯನ್ನು ಬದಲಿಯವನು ಮುಗಿಸುವಾಗ ಕತ್ತಲಾಗಿರುತ್ತದೆ.

ನಮ್ಮ ಬೆಟ್ಟಗಳಲ್ಲಿ ಕತ್ತಲೆಂದರೆ ಏನೆಂಬುದನ್ನು ಹೊರಗಿನವರಿಗೆ ವಿವರಿಸುವುದು ಕಷ್ಟ. ಆಲೂರು ಮತ್ತು ಸಕಲೇಶಪುರ ತಾಲ್ಲೂಕುಗಳಲ್ಲಿ ಕಾಡಾನೆ ತೋಟದ ನಿತ್ಯದ ನಿವಾಸಿಯಂತಾಗಿ ದಶಕಗಳಾದವು. 2013-14ರ ಅವಧಿಯಲ್ಲಿ ಆಲೂರು ಭಾಗದಿಂದ 22 ಆನೆಗಳನ್ನು ಹಿಡಿದು ಸಾಗಿಸಿದರೂ ಸಮಸ್ಯೆ ತೀರಲಿಲ್ಲ, ಬಿಟ್ಟ ಜಾಗಕ್ಕೆ ಬೇರೆ ಆನೆಗಳು ಬಂದವು. 2023ರ ಡಿಸೆಂಬರ್ 4ರಂದು ಯಸಳೂರು ವಲಯದಲ್ಲಿ ಕಾಡಾನೆಯನ್ನು ಹಿಡಿಯುವ ಕಾರ್ಯಾಚರಣೆಯಲ್ಲಿ, ದಸರಾದ ಅಂಬಾರಿ ಹೊತ್ತ ಅರ್ಜುನನೇ ಒಂಟಿಸಲಗದೊಡನೆ ಕಾದಾಡಿ ಪ್ರಾಣ ಬಿಟ್ಟದ್ದನ್ನು ನಾಡೆಲ್ಲ ಕಂಡಿತು. ಪಳಗಿದ ಆನೆ, ಅನುಭವಿ ಮಾವುತ, ಇಲಾಖೆಯ ಸಿಬ್ಬಂದಿ ಎಲ್ಲರೂ ಇದ್ದ ಕಡೆಯೇ ಹೀಗಾದರೆ, ಒಂಟಿಯಾಗಿ ಗಾಡಿ ನಿಲ್ಲಿಸಿ ಕೈಯಲ್ಲಿ ಪೊಟ್ಟಣ ಹಿಡಿದು ಗೇಟಿನತ್ತ ನಡೆಯುವವನ ಗತಿ ಏನು? ಆನೆಗಳ ಇರುವನ್ನು ತಿಳಿಸುವ ಎಚ್ಚರಿಕೆಯ ಸಂದೇಶಗಳು, ರಸ್ತೆಬದಿಯ ಫಲಕಗಳು ನಮ್ಮ ಭಾಗಕ್ಕೆ ಬಂದಿವೆ, ಅವುಗಳಿಂದ ಉಪಕಾರವಾಗಿದೆ. ಆದರೆ ಸಂದೇಶ ಹೋಗುವುದು ಊರಿನವರ ಮೊಬೈಲಿಗೆ, ಆ ದಾರಿಯ ಕಾಯಂ ಚಾಲಕನ ಮೊಬೈಲಿಗೆ. ಒಂದು ದಿನದ ಮಟ್ಟಿಗೆ ಬಂದವನಿಗೆ ಅದನ್ನು ಹೇಳುವವರು ಯಾರು?

ಇನ್ನು ಮಳೆಯ ಮಾತು. 2018ರ ಆಗಸ್ಟ್ ತಿಂಗಳನ್ನು ನಾವು ಮರೆತಿಲ್ಲ. 2024ರ ಜುಲೈನಲ್ಲಿ ದೊಡ್ಡತಪ್ಪಲು ಬಳಿ ಗುಡ್ಡ ಜಾರಿ, ಹಿಂದೆ 48 ಎಂದು ಕರೆಯುತ್ತಿದ್ದ ಈಗಿನ 75ನೇ ರಾಷ್ಟ್ರೀಯ ಹೆದ್ದಾರಿ ಮುಚ್ಚಿದ್ದೂ ನೆನಪಿದೆ. ಹೆದ್ದಾರಿ ಮುಚ್ಚಿದರೆ ಪತ್ರಿಕೆಯಲ್ಲಿ ಸುದ್ದಿಯಾಗುತ್ತದೆ, ಮಂತ್ರಿಗಳು ಬರುತ್ತಾರೆ. ಹಾನುಬಾಳು, ಹೆತ್ತೂರು, ಕೆಂಚಮ್ಮನ ಹೊಸಕೋಟೆಯ ಒಳದಾರಿಗಳಲ್ಲಿ ಮರ ಬಿದ್ದರೆ ಸುದ್ದಿಯಿಲ್ಲ. ಅಂಥ ದಿನಗಳಲ್ಲೇ ಬದಲಿ ಚಾಲಕನಿಗೆ ಕರೆ ಹೆಚ್ಚು. ಮಳೆ ಜೋರಾದಾಗ ಕಾಯಂ ಚಾಲಕರು ಕಾಯಿಲೆ ಬೀಳುತ್ತಾರೆ, ಕೆಲವರು ಜೀವದ ಮೇಲಿನ ಆಸೆಯಿಂದ ಬರುವುದಿಲ್ಲ. ಅಂತೂ ದಾರಿ ಅತ್ಯಂತ ಕೆಟ್ಟಿರುವ ದಿನ, ದಾರಿಯನ್ನು ಅತ್ಯಂತ ಕಡಿಮೆ ಬಲ್ಲವನೇ ಗಾಡಿಯಲ್ಲಿ ಕೂತಿರುತ್ತಾನೆ. ಇದನ್ನು ಯಾರೂ ಬೇಕೆಂದು ಯೋಜಿಸಿದ್ದಲ್ಲ. ಆದರೂ ಪ್ರತಿ ಮುಂಗಾರಿನಲ್ಲಿ ಹೀಗೇ ನಡೆಯುತ್ತದೆ.

ನಮ್ಮ ಯುವಕನ ವಿಷಯದಲ್ಲಿ ನಡೆದದ್ದು ಇಷ್ಟೇ. ಸಂಜೆ ಆರೂವರೆಯ ಹೊತ್ತಿಗೆ ಕೊನೆಯ ಕೆಲವು ಪೊಟ್ಟಣಗಳು ಉಳಿದಿದ್ದವು. ಎದುರಿನಿಂದ ಬಂದ ಜೀಪಿಗೆ ದಾರಿ ಬಿಡಲು ಪಕ್ಕಕ್ಕೆ ಸರಿದಾಗ ಅಂಚಿನ ಮಣ್ಣು ಕುಸಿದು ಗಾಡಿ ತೋಟದೊಳಗೆ ವಾಲಿತು. ಕಾಫಿ ಗಿಡಗಳು ತಡೆದುದರಿಂದ ಪಲ್ಟಿಯಾಗಲಿಲ್ಲ. ಯುವಕನ ಕೊರಳೆಲುಬು ಮುರಿಯಿತು, ಮೊಣಕೈಗೆ ಏಟಾಯಿತು. ತೋಟದ ಮೇಸ್ತ್ರಿ ಮತ್ತು ಆಳುಗಳು ಎತ್ತಿ ಕಳಿಸಿದರು. ಆಸ್ಪತ್ರೆಯ ಮೊದಲ ಖರ್ಚನ್ನು ಗುತ್ತಿಗೆದಾರನೇ ಕೊಟ್ಟನೆಂಬುದನ್ನು ನಾವು ಇಲ್ಲಿ ದಾಖಲಿಸಲೇಬೇಕು. ಆದರೆ ನೆನೆದು ಹಾಳಾದ ಸರಕಿನ ಬೆಲೆ, ಗಾಡಿಯ ದುರಸ್ತಿ ಎಂದು ಲೆಕ್ಕ ಹಾಕಿ ಬಾಕಿಯಿದ್ದ ಕೂಲಿಯನ್ನು ಹಿಡಿದುಕೊಂಡವನೂ ಅವನೇ. ಕಂಪನಿಯ ಕಚೇರಿಗೆ ಹೋಗಿ ಕೇಳಿದಾಗ ಆ ಹೆಸರಿನವರು ತಮ್ಮಲ್ಲಿ ಯಾರೂ ಇಲ್ಲವೆಂಬ ಉತ್ತರ ಸಿಕ್ಕಿತು. ಅವರು ಸುಳ್ಳು ಹೇಳಲಿಲ್ಲ. ಅವರ ಲೆಕ್ಕದ ಪ್ರಕಾರ ಆ ದಿನ ಗಾಡಿ ಓಡಿಸಿದವನು ಮನೆಯಲ್ಲಿ ಜ್ವರದಿಂದ ಮಲಗಿದ್ದವನು. “ನನ್ನ ಮಗ ಯಾರ ಹೆಸರಲ್ಲಿ ಬಿದ್ದ ಅಂತಾನೇ ಗೊತ್ತಾಗ್ತಿಲ್ಲ ಸರ್” ಎಂದು ಆ ತಾಯಿ ಹೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ.

ಬದಲಿ ಎಂಬ ಶಬ್ದ ಕಾರ್ಮಿಕ ಲೋಕಕ್ಕೆ ಹೊಸದಲ್ಲ. ಮುಂಬಯಿಯ ಹತ್ತಿ ಗಿರಣಿಗಳಲ್ಲಿ ಮುಂಜಾನೆ ಗೇಟಿನ ಮುಂದೆ ನಿಂತು, ಯಾರು ಗೈರುಹಾಜರಾಗುತ್ತಾರೋ ಅವರ ಜಾಗಕ್ಕೆ ಹೋಗುತ್ತಿದ್ದವರು ‘ಬದಲಿ’ಗಳು. ಯಾರನ್ನು ಒಳಗೆ ಬಿಡಬೇಕೆಂಬುದು ಜಾಬರನೆಂಬ ಮೇಸ್ತ್ರಿಯ ಮರ್ಜಿಯಾಗಿತ್ತು, ಅದಕ್ಕೆ ಲಂಚವೂ ನಡೆಯುತ್ತಿತ್ತು. 1935ರಲ್ಲಿ ಅಲ್ಲಿ ಬದಲಿಗಳನ್ನು ಪಟ್ಟಿ ಮಾಡಿ, ಚೀಟಿ ಕೊಟ್ಟು, ಸರದಿಯಂತೆ ಕೆಲಸ ಹಂಚುವ ಕ್ರಮ ಬಂದಿತು. ಸ್ವಾತಂತ್ರ್ಯ ಬಂದ ವರ್ಷವೇ ಜಾರಿಯಾದ 1947ರ ಕೈಗಾರಿಕಾ ವಿವಾದಗಳ ಕಾಯಿದೆಗೆ ಮುಂದೆ ಸೇರಿದ 25-ಸಿ ಕಲಮಿನಲ್ಲಿ ಬದಲಿ ಕಾರ್ಮಿಕನೆಂದರೆ ಯಾರೆಂದು ಬರೆಯಲಾಯಿತು. ಹಾಜರಿ ಪುಸ್ತಕದಲ್ಲಿ ಹೆಸರಿರುವ ಇನ್ನೊಬ್ಬನ ಜಾಗದಲ್ಲಿ ದುಡಿಯುವವನು ಬದಲಿ. ಒಂದು ವರ್ಷದ ಸತತ ಸೇವೆ ಪೂರೈಸಿದರೆ ಆ ಕಲಮಿನ ಉದ್ದೇಶಕ್ಕೆ ಅವನು ಬದಲಿಯಾಗಿ ಉಳಿಯುವುದಿಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಈ ಮಾತು ಉಳಿದುಕೊಂಡಿದೆ. ಅಂದರೆ ಗಿರಣಿಯ ಬದಲಿಗೆ ಕಷ್ಟಗಳು ಏನೇ ಇದ್ದರೂ, ಅವನ ಹೆಸರು ಒಂದು ಕಡೆ ಬರೆದಿರುತ್ತಿತ್ತು ಮತ್ತು ಅವನ ಮುಂದೆ ಒಂದು ಬಾಗಿಲಿತ್ತು.

ಪಾರ್ಸೆಲ್ ಗಾಡಿಯ ಬದಲಿಗೆ ಈ ಎರಡೂ ಇಲ್ಲ. ಅವನು ಯಾರ ಜಾಗದಲ್ಲಿ ಕೂರುತ್ತಾನೋ ಆ ಮನುಷ್ಯನ ಹೆಸರೇ ಕಂಪನಿಯ ಹಾಜರಿ ಪುಸ್ತಕದಲ್ಲಿಲ್ಲ. ಅವನನ್ನು ನೌಕರನೆಂದು ಕರೆಯದೆ ‘ಪಾಲುದಾರ’ ಎಂದು ಗೌರವದಿಂದ ಕರೆಯುತ್ತಾರೆ. (ಈ ಗೌರವದ ಬೆಲೆ ಏನೆಂಬುದನ್ನು ಕಾಯಿಲೆ ಬಿದ್ದ ಪಾಲುದಾರರನ್ನೇ ಕೇಳಬೇಕು.) ಲೆಕ್ಕಕ್ಕೆ ಸಿಗದವನ ಬದಲಿಗೆ ಬಂದವನು ಲೆಕ್ಕಕ್ಕೆ ಸಿಗುವುದಾದರೂ ಹೇಗೆ?

ನಮ್ಮ ರಾಜ್ಯ ಸರ್ಕಾರ ಈ ದಿಕ್ಕಿನಲ್ಲಿ ಏನೂ ಮಾಡಿಲ್ಲವೆಂದರೆ ಅನ್ಯಾಯವಾದೀತು. 2023ರಲ್ಲಿ ಇಂಥ ಕಾರ್ಮಿಕರಿಗಾಗಿ ಒಟ್ಟು 4 ಲಕ್ಷ ರೂಪಾಯಿಗಳ ವಿಮಾ ಯೋಜನೆ ಬಂದಿತು. ಅದರಲ್ಲಿ 2 ಲಕ್ಷ ಜೀವವಿಮೆ, 2 ಲಕ್ಷ ಅಪಘಾತ ವಿಮೆ. 2025ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆಯಾಗಿ, ಅದೇ ವರ್ಷ ವಿಧಾನಮಂಡಲದ ಒಪ್ಪಿಗೆ ಪಡೆದು ಕಾಯಿದೆಯಾಗಿ ಬಂದ ಕರ್ನಾಟಕ ಪ್ಲಾಟ್‌ಫಾರ್ಮ್ ಆಧಾರಿತ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕ್ಷೇಮಾಭಿವೃದ್ಧಿ ಶಾಸನ ಇನ್ನೂ ಮುಂದಕ್ಕೆ ಹೋಗಿದೆ. ಕಾರ್ಮಿಕನಿಗೆ ಕೊಡುವ ಪ್ರತಿ ಪಾವತಿಯ ಮೇಲೆ ಶೇಕಡಾ 1ರಿಂದ 5ರವರೆಗೆ ಕಲ್ಯಾಣ ಶುಲ್ಕ, ಅದನ್ನು ನೋಡಿಕೊಳ್ಳಲು ಒಂದು ಮಂಡಳಿ, ಕೆಲಸದಿಂದ ತೆಗೆಯುವ ಮುನ್ನ 14 ದಿನಗಳ ನೋಟೀಸು ಮತ್ತು ಲಿಖಿತ ಕಾರಣ, ಇವೆಲ್ಲ ಅದರಲ್ಲಿವೆ. ಸರಕು ಸಾಗಣೆಯ ಸೇವೆಯೂ ಅದರ ಅನುಸೂಚಿಯಲ್ಲಿ ಸೇರಿದೆ. ರಾಜಸ್ಥಾನ 2023ರಲ್ಲಿ ಹಾಕಿಕೊಟ್ಟ ದಾರಿಯಲ್ಲಿ ನಮ್ಮವರು ನಡೆದದ್ದು ಸಂತೋಷದ ಸಂಗತಿ. ಆದರೆ ಈ ಕಾಯಿದೆಯ ಕಣ್ಣಿಗೆ ಕಾರ್ಮಿಕ ಕಾಣಿಸುವುದು ಕಂಪನಿಗಳು ಒಪ್ಪಿಸುವ ಪಟ್ಟಿಯ ಮೂಲಕ. ಪಟ್ಟಿಯಲ್ಲಿರುವುದು ಸಂಖ್ಯೆ ಪಡೆದವನ ಹೆಸರು. ಹಾನುಬಾಳು ದಾರಿಯಲ್ಲಿ ಆ ಭಾನುವಾರ ತಲುಪಿಸಿದ ಪೊಟ್ಟಣಗಳಿಗೂ ಶುಲ್ಕ ಕಟ್ಟಬಹುದು, ಅದರ ಫಲ ಸಂಖ್ಯೆಯ ಒಡೆಯನಿಗೆ ಸಲ್ಲಬಹುದು. ಗಾಡಿಯೊಳಗೆ ಕೂತವನಿಗೆ ಅದರಲ್ಲಿ ಬಿಡಿಗಾಸೂ ಇಲ್ಲ.

ಹಳೆಯ ಕಾನೂನುಗಳಲ್ಲಿ ಅವನಿಗೆ ಆಸರೆಯೇ ಇಲ್ಲವೆಂದಲ್ಲ. 1988ರ ಮೋಟಾರು ವಾಹನ ಕಾಯಿದೆಯ 147ನೇ ಕಲಮಿನ ಪ್ರಕಾರ, ಗಾಡಿಯನ್ನು ಓಡಿಸುತ್ತಿದ್ದ ನೌಕರನಿಗೆ ಕೆಲಸದ ವೇಳೆ ಪೆಟ್ಟಾದರೆ ಮಾಲೀಕನು ಕೊಡಬೇಕಾದ ಕಾರ್ಮಿಕ ಪರಿಹಾರ ವಾಹನ ವಿಮೆಯ ವ್ಯಾಪ್ತಿಯೊಳಗೇ ಬರುತ್ತದೆ. ಆ ಪರಿಹಾರದ ಹಕ್ಕು 1923ರ ಕಾಯಿದೆಯಷ್ಟು ಹಳೆಯದು. ಈಗ ಅದು 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿಕೊಂಡಿದೆ. ಲೈಸೆನ್ಸಿನ ಬಗೆಗಿದ್ದ ಗೊಂದಲವನ್ನೂ ಸುಪ್ರೀಂ ಕೋರ್ಟು 2024ರ ನವೆಂಬರ್ 6ರ ತೀರ್ಪಿನಲ್ಲಿ ಬಗೆಹರಿಸಿತು. ಲಘು ವಾಹನದ ಲೈಸೆನ್ಸ್ ಇದ್ದವನು 7,500 ಕಿಲೋಗ್ರಾಮಿಗಿಂತ ಕಡಿಮೆ ತೂಕದ ಸಾರಿಗೆ ವಾಹನವನ್ನೂ ಓಡಿಸಬಹುದೆಂದು ಅದು ಹೇಳಿತು. ಹೀಗಿದ್ದರೂ ಪರಿಹಾರ ಕೇಳುವವನು ಮೊದಲು ಒಂದು ಸಂಗತಿಯನ್ನು ತೋರಿಸಬೇಕು: ಆ ದಿನ, ಆ ಗಾಡಿಯಲ್ಲಿ, ಇಂಥವರ ಕೆಲಸಕ್ಕೆ ತಾನಿದ್ದೆನೆಂದು. ಕೂಲಿ ಕೈಯಿಂದ ಕೈಗೆ ಬಂದದ್ದು, ಆ್ಯಪಿನಲ್ಲಿ ಇನ್ನೊಬ್ಬನ ಹೆಸರು. ತೋಟದ ಮೇಸ್ತ್ರಿಯ ಸಾಕ್ಷಿಯೊಂದೇ ಉಳಿಯುವುದು. ಮೇಸ್ತ್ರಿ ಹಾಸನದ ಕೋರ್ಟಿಗೆ ಅಲೆದಾಡುವವನೇ? ಸರಳವಾದ ಒಂದು ಚೀಟಿಯಿದ್ದರೆ ತಪ್ಪುತ್ತಿದ್ದ ಪಾಡು ಇದು.

ಗುತ್ತಿಗೆದಾರನನ್ನು ಖಳನಾಯಕನನ್ನಾಗಿ ಮಾಡುವುದು ಸುಲಭ. ನಾವು ಅದನ್ನು ಮಾಡಲಾರೆವು. ನಮಗೆ ಪರಿಚಯವಿರುವ ಗುತ್ತಿಗೆದಾರರಲ್ಲಿ ಹೆಚ್ಚಿನವರು ಸ್ವತಃ ಸ್ಟಿಯರಿಂಗ್ ಹಿಡಿದು ಬೆಳೆದವರು. ತಿಂಗಳ ಕಂತು ತಪ್ಪಿದರೆ ಫೈನಾನ್ಸಿನವರು ಗಾಡಿ ಎಳೆದೊಯ್ಯುತ್ತಾರೆ, ತಡವಾದ ಪೊಟ್ಟಣಕ್ಕೆ ಮೇಲಿನಿಂದ ದಂಡ ಬೀಳುತ್ತದೆ. ಬದಲಿಯವನಿಗೆ ಪ್ರತ್ಯೇಕ ಸಂಖ್ಯೆ ಕೊಡಿಸೋಣವೆಂದರೆ ಅದಕ್ಕೆ ಕಾಗದಪತ್ರ, ತಪಾಸಣೆ, ಕಾಯುವಿಕೆ. ಬೆಳಗಿನ ಏಳು ಗಂಟೆಗೆ ಚಾಲಕನಿಲ್ಲದೆ ನಿಂತ ಗಾಡಿಗೆ ಅಷ್ಟು ಪುರುಸೊತ್ತಿಲ್ಲ. ಅಂಚೆ ಇಲಾಖೆಯಲ್ಲೂ ಗ್ರಾಮೀಣ ಅಂಚೆ ಸೇವಕರು ರಜೆಗೆ ಹೋಗಬೇಕಾದರೆ ತಮ್ಮ ಜಾಗಕ್ಕೆ ಬದಲಿಯೊಬ್ಬನನ್ನು ಒದಗಿಸುವ ಪದ್ಧತಿ ಬೆಳೆದುಬಂದಿದೆ. ಅಲ್ಲಿಯೂ ಬದಲಿಯವನ ಸ್ಥಿತಿ ಅಸೂಯೆಪಡುವಂಥದಲ್ಲ. ಆದರೆ ಅವನಿಗೆ ಮೇಲಧಿಕಾರಿಯ ಒಪ್ಪಿಗೆ ಬೇಕು, ಹೆಸರು ಕಾಗದದ ಮೇಲೆ ಬರುತ್ತದೆ. ಅಷ್ಟು ಹಳೆಯ ಇಲಾಖೆ ಕಾಗದ ಮತ್ತು ಶಾಯಿಯಿಂದ ಮಾಡಿದ್ದನ್ನು, ಪೊಟ್ಟಣ ಯಾವ ತಿರುವಿನಲ್ಲಿದೆಯೆಂದು ನಿಮಿಷ ನಿಮಿಷಕ್ಕೂ ತಿಳಿಸಬಲ್ಲ ಕಂಪನಿ ಮಾಡಲಾರದೇ? ಪೊಟ್ಟಣದ ಮೇಲಿಟ್ಟ ಕಣ್ಣನ್ನು ಅರೆಕ್ಷಣ ಚಾಲಕನ ಸೀಟಿನತ್ತ ತಿರುಗಿಸಿದರೆ ಸಾಕು. ಒಂದು ದಿನದ ಮಟ್ಟಿಗೆ ಬದಲಿಯವನ ಹೆಸರು, ಲೈಸೆನ್ಸ್ ಸಂಖ್ಯೆ ಮತ್ತು ಗಾಡಿಯ ಸಂಖ್ಯೆಯನ್ನು ಆ್ಯಪಿನಲ್ಲೇ ಸೇರಿಸುವ ಏರ್ಪಾಡು ಅಸಾಧ್ಯವೇನಲ್ಲ. ಅದನ್ನು ಕಡ್ಡಾಯ ಮಾಡುವ ನಿಯಮವನ್ನು ರಾಜ್ಯದ ಮಂಡಳಿ ತರಬೇಕೆಂಬುದು ನಮ್ಮ ಮೊದಲ ಒತ್ತಾಯ. ಆ ದಿನದ ಪಾವತಿಯ ಮೇಲಿನ ಶುಲ್ಕವೂ ಆ ಹೆಸರಿಗೇ ಸಲ್ಲಬೇಕು.

ಜಗದ್ಗುರು ಎರಡನೇ ಜಾನ್ ಪಾಲ್ ಅವರು 1981ರ ಸೆಪ್ಟೆಂಬರ್ 14ರಂದು ಹೊರಡಿಸಿದ ‘ಲಬೋರೆಮ್ ಎಕ್ಸೆರ್ಚೆನ್ಸ್’ ಎಂಬ ವಿಶ್ವಪರಿಪತ್ರದಲ್ಲಿ ‘ಪರೋಕ್ಷ ಉದ್ಯೋಗದಾತ’ ಎಂಬ ವಿಚಾರವನ್ನು ಮುಂದಿಟ್ಟರು. ಕೂಲಿ ಕೊಡುವವನು ಮಾತ್ರ ಉದ್ಯೋಗದಾತನಲ್ಲ. ಅವನು ಎಷ್ಟು ಕೊಡಬಲ್ಲ, ಹೇಗೆ ದುಡಿಸಿಕೊಳ್ಳಬಲ್ಲ ಎಂಬುದನ್ನು ಹಿಂದಿನಿಂದ ನಿರ್ಧರಿಸುವ ಶಕ್ತಿಗಳೆಲ್ಲ ಕಾರ್ಮಿಕನ ವಿಷಯದಲ್ಲಿ ಹೊಣೆ ಹೊತ್ತಿವೆ ಎಂಬುದು ಅದರ ತಿರುಳು. ಇದನ್ನು ಓದಿದಾಗ ನಾವು ದೊಡ್ಡ ಕಂಪನಿಗಳನ್ನೂ ಸರ್ಕಾರಗಳನ್ನೂ ನೆನೆಸಿಕೊಳ್ಳುತ್ತೇವೆ. ಅದು ಸರಿಯೇ. ಆದರೆ ನಾಳೆಯೇ ಬೇಕು, ಭಾನುವಾರವಾದರೂ ಚಿಂತೆಯಿಲ್ಲ ಎಂದು ಮೊಬೈಲಿನ ಮೇಲೆ ಬೆರಳಿಡುವವರೂ ಆ ಸಾಲಿನಲ್ಲಿ ಎಲ್ಲೋ ಒಂದು ಕಡೆ ನಿಂತಿದ್ದೇವೆ. ಯುವಕ ಆಸ್ಪತ್ರೆಯಲ್ಲಿದ್ದ ಅದೇ ವಾರ ನಮ್ಮ ಮನೆಗೆ ಬರಬೇಕಿದ್ದ ಮಳೆಯಂಗಿಯೊಂದು ಎರಡು ದಿನ ತಡವಾಯಿತೆಂದು ನಾವು ಕಂಪನಿಗೆ ದೂರು ಬರೆದಿದ್ದೆವು. ತಂದುಕೊಟ್ಟವನ ಮುಖವನ್ನು ಕೂಡ ಸರಿಯಾಗಿ ನೋಡಿರಲಿಲ್ಲ. ಅವನು ಕಾಯಂ ಚಾಲಕನೋ ಬದಲಿಯೋ ಇಂದಿಗೂ ತಿಳಿಯದು.

ನಮ್ಮ ಸಮುದಾಯದಲ್ಲಿ ತೋಟವಿರುವ ಕುಟುಂಬಗಳಿವೆ, ತೋಟಗಳಲ್ಲಿ ರೈಟರಾಗಿ, ಮೇಸ್ತ್ರಿಯಾಗಿ ದುಡಿಯುವವರಿದ್ದಾರೆ, ಈ ಗಾಡಿಗಳನ್ನು ಓಡಿಸುವ ಮಕ್ಕಳೂ ಇದ್ದಾರೆ. ಮೂವರೂ ಒಂದೇ ದೇವಾಲಯದಲ್ಲಿ ಮೊಣಕಾಲೂರುತ್ತಾರೆ. ಹೀಗಿರುವಾಗ ಕೆಲವು ಕೆಲಸಗಳಿಗೆ ಸರ್ಕಾರವನ್ನು ಕಾಯಬೇಕಾಗಿಲ್ಲ. ಎಸ್ಟೇಟಿನವರು ಹೆದ್ದಾರಿಯ ಪಕ್ಕದ ಗೇಟಿನಲ್ಲೋ ಪರಿಚಯದ ಅಂಗಡಿಯಲ್ಲೋ ಪೊಟ್ಟಣ ಇಳಿಸುವ ಏರ್ಪಾಡು ಮಾಡಿಕೊಂಡರೆ ಗಾಡಿ ಸಂಜೆಯ ಮೇಲೆ ಒಳದಾರಿಗೆ ಬರಬೇಕಾಗಿಲ್ಲ. ಆನೆ ಇಳಿದಿದೆಯೆಂಬ ಸಂದೇಶ ನಮ್ಮ ಮೊಬೈಲಿಗೆ ಬಂದರೆ, ಪೊಟ್ಟಣ ತರುವವನಿಗೆ ಒಂದು ಕರೆ ಮಾಡಿ ‘ಇವತ್ತು ಬರಬೇಡಪ್ಪಾ, ನಾಳೆ ತಾ’ ಎನ್ನುವುದಕ್ಕೆ ಖರ್ಚೇನೂ ಇಲ್ಲ. ಧರ್ಮಕೇಂದ್ರಗಳ ಯುವಜನ ಸಂಘಗಳು ಕ್ರಿಸ್ಮಸ್ ಕೇಕಿಗೆ ಹಾಕುವ ಶ್ರಮದಲ್ಲಿ ಒಂದು ಪಾಲನ್ನು 2021ರ ಆಗಸ್ಟ್‌ನಿಂದ ನಡೆಯುತ್ತಿರುವ ಇ-ಶ್ರಮ್ ನೋಂದಣಿಗೆ ಕೊಟ್ಟರೆ, ಬದಲಿ ಚಾಲಕರ ಹೆಸರು ಕನಿಷ್ಠಪಕ್ಷ ಒಂದು ಸರ್ಕಾರಿ ಪಟ್ಟಿಯಲ್ಲಾದರೂ ಕಾಣಿಸೀತು. ಇದರಿಂದ ಎಲ್ಲವೂ ಸರಿಹೋಗುತ್ತದೆಂಬ ಭ್ರಮೆ ನಮಗಿಲ್ಲ. ಒಂದು ಚೀಟಿಯೂ ಇಲ್ಲದವನಿಗೆ ಒಂದಾದರೂ ಇರಲಿ ಎಂಬುದಷ್ಟೇ ನಮ್ಮ ಮಾತು.

ಭಾನುವಾರದ ಪ್ರಶ್ನೆಯೂ ಇದೆ. ಬೇರೆಯವರು ರಜೆ ಬಯಸುವ ದಿನವೇ ಬದಲಿಯವನಿಗೆ ಕರೆ ಬರುವುದರಿಂದ, ಭಾನುವಾರ, ಈಸ್ಟರ್, ಕ್ರಿಸ್ಮಸ್‌ಗಳೆಲ್ಲ ಅವನಿಗೆ ದುಡಿಮೆಯ ದಿನಗಳು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ, ವಾರಕ್ಕೊಂದು ವಿಶ್ರಾಂತಿಯ ದಿನ ಎಂದು ಬಹಳ ಹಿಂದೆಯೇ ಹೇಳಿತ್ತು. ಆದರೆ ಅದು ಐವರು ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳಿಗೆ ಅನ್ವಯವಾಗುತ್ತಿತ್ತು. ಎರಡು ಗಾಡಿಯ ಗುತ್ತಿಗೆದಾರ ಅದರ ಹೊರಗೇ ಉಳಿದ. ಆ ಕಾಯಿದೆಯೂ ಈಗ ಹೊಸ ಸಂಹಿತೆಗಳಲ್ಲಿ ಲೀನವಾಗಿದೆ. ಪೂಜೆಯ ಅರ್ಧದಲ್ಲಿ ಎದ್ದುಹೋಗುವವನನ್ನು ಗದರಿಸುವ ಮೊದಲು, ಅವನಿಗೆ ಪೂರ್ತಿ ಕೂತಿರಲು ಬಿಡುವವರು ಯಾರಿದ್ದಾರೆಂದು ನಾವು ಕೇಳಿಕೊಂಡಿರಲಿಲ್ಲ.

ಯುವಕನ ಕೊರಳೆಲುಬು ಕೂಡಿಕೊಂಡಿದೆ. ಕಾಫಿ ಕುಯ್ಲಿನ ವೇಳೆಗೆ ಅವನು ಮತ್ತೆ ಗಾಡಿ ಹತ್ತಿದ. ಹಿಡಿದುಕೊಂಡ ಕೂಲಿಯಲ್ಲಿ ಅರ್ಧ, ಊರಿನ ಇಬ್ಬರು ಹಿರಿಯರು ಕೂತು ಮಾತಾಡಿದ ಮೇಲೆ ಕೈಗೆ ಬಂದಿತು. ಉಳಿದರ್ಧದ ಮಾತು ಇನ್ನೂ ಮಾತಾಗಿಯೇ ಇದೆ. ಗುತ್ತಿಗೆದಾರ ಮಾತ್ರ ಒಂದು ನೂರು ಪುಟದ ನೋಟ್‌ಬುಕ್ಕು ಇಟ್ಟಿದ್ದಾನೆ. ಬದಲಿಯವರು ಬಂದ ದಿನ ತಾರೀಕು, ಗಾಡಿ ಸಂಖ್ಯೆ, ಹೆಸರು, ಕೂಲಿ ಬರೆದು ರುಜು ಹಾಕಿಸಿಕೊಳ್ಳುತ್ತಾನೆ. ಅದರ ಮೊಬೈಲ್ ಚಿತ್ರವೊಂದನ್ನು ಯುವಕ ತನ್ನ ತಾಯಿಗೆ ಕಳಿಸಿಯೇ ಗಾಡಿ ಹೊರಡಿಸುತ್ತಾನಂತೆ.